ಜಪಾನಿನ ವಸಂತದ ಹಾಡುಗಳನ್ನು ಕ್ಯಾಲೆಂಡರ್ ಹಿಡಿದು ಕೇಳುವುದು ಹೇಗೆ?

ಜಪಾನೀ ಪಾಪ್ ಹಾಡುಗಳ ಹುಚ್ಚು ಹತ್ತಿದ ಮೊದಲ ವರ್ಷ ನಾನೊಂದು ಪಟ್ಟಿ ಮಾಡಿದ್ದೆ. ಹೆಸರಿನಲ್ಲಿ 'ಸಕುರಾ' (ಚೆರ್ರಿ ಹೂವು) ಅಂತ ಇರುವ ಹಾಡುಗಳನ್ನೆಲ್ಲ ಹುಡುಕಿ ಹುಡುಕಿ ತುಂಬಿದ್ದೆ. ಹತ್ತನೆಯ ಹಾಡಿಗೆ ಬರುವಷ್ಟರಲ್ಲಿ ಎಲ್ಲವೂ ಒಂದೇ ಥರ ಕೇಳಿಸತೊಡಗಿದವು. ತಪ್ಪು ಹಾಡುಗಳದ್ದಲ್ಲ. ಮಾರ್ಚ್ ಹದಿನೈದರ ಹಾಡು, ಏಪ್ರಿಲ್ ಐದರ ಹಾಡು, ಮೇ ಮೊದಲ ವಾರದ ಹಾಡು ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಿದ್ದೆ.

ಜಪಾನಿನ ವಸಂತದ ಹಾಡುಗಳಿಗೆ ತಾರೀಖು ಇದೆ. ಆ ತಾರೀಖಿನ ಕ್ರಮದಲ್ಲಿ ಜೋಡಿಸಿಕೊಂಡರೆ ಹತ್ತು ಹಾಡು ಸಾಕು, ಒಂದು ಇಡೀ ಋತು ಕಿವಿಯಲ್ಲಿ ಹಾದು ಹೋಗುತ್ತದೆ. ಆ ಪಟ್ಟಿಯನ್ನು ಮಾಡಿಕೊಳ್ಳುವ, ಕೇಳುವ ದಾರಿಯನ್ನು ಇಲ್ಲಿ ಹೇಳುತ್ತೇನೆ. ಹಾಡುಗಳಲ್ಲಿ ಹೆಚ್ಚಿನವು 2019ರಿಂದ ಈಚೆಯವು. ಜಪಾನೀ ಭಾಷೆ ಬರಬೇಕಿಲ್ಲ. ಕನ್ನಡ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ, ಅದು ಯಾಕೆ ಅಂತ ಮುಂದೆ ನೋಡೋಣ.

ಮೊದಲು ಕ್ಯಾಲೆಂಡರ್

ನಮ್ಮಲ್ಲಿ ಶಾಲೆ ಶುರುವಾಗುವುದು ಮಳೆಯ ಜೊತೆಗೆ. ಜಪಾನಿನಲ್ಲಿ ಶುರುವಾಗುವುದು ಹೂವಿನ ಜೊತೆಗೆ. ಅಲ್ಲಿ ಶಾಲೆಯ ವರ್ಷ, ಸರ್ಕಾರದ ಲೆಕ್ಕದ ವರ್ಷ ಎರಡೂ ಏಪ್ರಿಲ್ 1ಕ್ಕೆ ಶುರು. ಬೀಳ್ಕೊಡುಗೆ ಮಾರ್ಚ್‌ನಲ್ಲಿ. ಕಾಲೇಜು ಮುಗಿಸಿದವರು ಕಂಪನಿಗೆ ಸೇರುವುದೂ ಏಪ್ರಿಲ್ ಒಂದಕ್ಕೇ. ಊರು ಬಿಟ್ಟು ಟೋಕಿಯೊಗೆ ಹೋಗುವುದು, ಹೊಸ ಬಾಡಿಗೆ ಕೋಣೆ ಹುಡುಕುವುದು, ಗೆಳೆಯರು ದಿಕ್ಕಿಗೊಬ್ಬರಾಗುವುದು ಎಲ್ಲ ಇದೇ ಕೆಲವು ವಾರಗಳಲ್ಲಿ.

ಸಕುರಾ ಅರಳುವುದೂ ಸರಿಯಾಗಿ ಅದರ ನಡುವೆ. ಟೋಕಿಯೊದಲ್ಲಿ ಮೊದಲ ಹೂ ಬಿಡುವ ಸರಾಸರಿ ದಿನ ಮಾರ್ಚ್ 24, ಮರ ತುಂಬಿ ಅರಳುವುದು ಮಾರ್ಚ್ 31ರ ಹೊತ್ತಿಗೆ. ಹವಾಮಾನ ಇಲಾಖೆಯವರು ಯಾಸುಕುನಿ ದೇಗುಲದ ಆವರಣದ ಒಂದು ಗುರುತಿನ ಮರದ ಹತ್ತಿರ ಹೋಗಿ ನೋಡುತ್ತಾರೆ. ಐದಾರು ಹೂ ಅರಳಿದ್ದರೆ 'ಟೋಕಿಯೊದಲ್ಲಿ ಸಕುರಾ ಅರಳಿತು' ಎಂದು ಸಾರುತ್ತಾರೆ. ಅಲ್ಲಿ ಎಲ್ಲೆಡೆ ನೆಟ್ಟಿರುವ ಸೊಮೇ ಯೊಶಿನೊ ತಳಿಯ ಮರಗಳೆಲ್ಲ ಕಸಿ ಕಟ್ಟಿ ಬೆಳೆಸಿದವು, ಒಂದೇ ಮರದ ಪ್ರತಿಗಳಿದ್ದ ಹಾಗೆ. ಅದಕ್ಕೇ ಒಂದು ಊರಿನ ಮರಗಳೆಲ್ಲ ಒಟ್ಟಿಗೆ ಅರಳಿ, ಒಟ್ಟಿಗೆ ಉದುರುತ್ತವೆ. ತುಂಬು ಹೂವಿನ ಅಂದ ಇರುವುದು ಹೆಚ್ಚೆಂದರೆ ಒಂದು ವಾರ. ಒಂದು ಜೋರು ಮಳೆ ಬಂದರೆ ಅದೂ ಇಲ್ಲ.

ಹೀಗಾಗಿ ಒಂದು ಕಾಗದದ ಮೇಲೆ ಐದು ಸಾಲು ಬರೆದುಕೊಳ್ಳಿ: ಫೆಬ್ರವರಿ ಕೊನೆ, ಕಾಯುವುದು. ಮಾರ್ಚ್ ಮಧ್ಯ, ಬೀಳ್ಕೊಡುಗೆ. ಮಾರ್ಚ್ ಕೊನೆ, ಹೂವು. ಏಪ್ರಿಲ್, ಹೊಸ ಶುರು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ, ಚಿಗುರು ಮತ್ತು ಬಿಸಿಲು. ನಮ್ಮ ಪಟ್ಟಿಯ ಐದು ಮನೆಗಳು ಇವೇ.

ಹುಡುಕುವ ಕೆಲಸ

ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಆ್ಯಪಲ್ ಮ್ಯೂಸಿಕ್ ಯಾವುದಾದರೂ ಆದೀತು. ಹಾಡಿನ ಹೆಸರಿನ ಬದಲು ಹಾಡಿದವರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಅವರ ಪುಟಕ್ಕೆ ಹೋಗಿ, ಅಲ್ಲಿಂದ ಹಾಡನ್ನು ಆರಿಸಿ. ಹಾಡಿನ ಹೆಸರಿನಿಂದ ಹುಡುಕಿದರೆ ಬೇರೆಯವರು ಹಾಡಿದ ಕವರ್‌ಗಳು, ಪಿಯಾನೊ ಆವೃತ್ತಿಗಳು ಮೊದಲು ಬರುವುದುಂಟು.

ಜಪಾನೀ ಬರಹದಲ್ಲಿ ಒಂದೊಂದೂ ಒಂದೊಂದು ಅರ್ಥ ಕೊಡುವ 'ಕಾಂಜಿ' ಅಕ್ಷರಗಳಿವೆ, ಅವುಗಳಲ್ಲಿ ಎರಡನ್ನು ಮಾತ್ರ ಕಣ್ಣಿಗೆ ಪರಿಚಯ ಮಾಡಿಕೊಳ್ಳಿ. 'ಹರು' (春), ಅಂದರೆ ವಸಂತ. ಅದರ ಕೆಳಭಾಗದಲ್ಲಿ ನಡುವೆ ಗೆರೆ ಇರುವ ಒಂದು ಪುಟ್ಟ ಚೌಕ ಇರುತ್ತದೆ, ಅದು ಸೂರ್ಯ. ಇನ್ನೊಂದು 'ಸಕುರಾ' (桜). ಅದರ ಎಡಗಡೆ ಕೊಂಬೆ ಚಾಚಿದ ಮರದ ಗುರುತು ಇರುತ್ತದೆ. ಈ ಎರಡು ಗೊತ್ತಿದ್ದರೆ ಯಾವ ಗಾಯಕರ ಪುಟದಲ್ಲೂ ವಸಂತದ ಹಾಡು ಎಲ್ಲಿದೆ ಅಂತ ನೀವೇ ಗುರುತಿಸುತ್ತೀರಿ.

ಕೇಳುವ ಮುಂಚೆ ಕಿವಿಗೆ ಒಂದು ಮಾತು

ಇದನ್ನು ಮೊದಲೇ ಯಾರಾದರೂ ನನಗೆ ಹೇಳಿದ್ದರೆ ಎಷ್ಟೋ ಒಳ್ಳೆಯ ಹಾಡುಗಳನ್ನು ನಾನು ಅರ್ಧಕ್ಕೆ ಬಿಡುತ್ತಿರಲಿಲ್ಲ. ನಮ್ಮ ಹಾಡುಗಳಲ್ಲಿ ಪಲ್ಲವಿ ಮೊದಲು. ಎತ್ತಿದ ಕೂಡಲೇ ಹಾಡಿನ ಮುಖ ಸಿಗುತ್ತದೆ. ಜಪಾನೀ ಪಾಪ್ ಹಾಡುಗಳಲ್ಲಿ ಹೆಚ್ಚಾಗಿ ಇದು ಉಲ್ಟಾ. ಮೊದಲು 'ಎ ಮೆಲೊ', ಅಂದರೆ ಮೆಲ್ಲಗೆ ಕತೆ ಹೇಳುವ ಭಾಗ. ಆಮೇಲೆ 'ಬಿ ಮೆಲೊ', ಅದು ಮೆಟ್ಟಿಲು ಹತ್ತಿಸುವ ಭಾಗ. ಅದಾದ ಮೇಲೆ 'ಸಾಬಿ', ಅಂದರೆ ನಮ್ಮ ಪಲ್ಲವಿಯಂಥದ್ದು. ಸಾಬಿ ಬರಲು ಎಷ್ಟೋ ಸಲ ಒಂದು ನಿಮಿಷ ಬೇಕು. ಮೂವತ್ತು ಸೆಕೆಂಡಿಗೆ ಮುಂದಿನ ಹಾಡಿಗೆ ಹಾರಿದರೆ ಹಾಡಿನ ಮುಖವನ್ನೇ ನೋಡದೆ ಬಂದ ಹಾಗೆ. ಒಂದು ನಿಮಿಷ ಕೊಡಿ.

ಸಂಗೀತ ಕಲಿತವರಿಗೆ ಇನ್ನೊಂದು ಖುಷಿ ಇದೆ. ಜಪಾನಿನಲ್ಲಿ 'ಯೊನಾನುಕಿ' ಅನ್ನುವ ಸ್ವರಶ್ರೇಣಿ ಇದೆ. 'ಯೊ' ಅಂದರೆ ನಾಲ್ಕು, 'ನಾ' ಅಂದರೆ ಏಳು, 'ನುಕಿ' ಅಂದರೆ ತೆಗೆದದ್ದು. ನಾಲ್ಕನೆಯ ಸ್ವರ ಮ, ಏಳನೆಯದು ನಿ. ಅವೆರಡನ್ನು ತೆಗೆದರೆ ಉಳಿಯುವುದು ಸ ರಿ ಗ ಪ ದ. ನಮ್ಮ ಮೋಹನ! ಧಾರವಾಡದ ಕಡೆಯವರಿಗೆ ಭೂಪ್. ಇಂದಿನ ಹಾಡುಗಳು ಪೂರ್ತಿ ಇದರಲ್ಲೇ ಇರುತ್ತವೆ ಅಂತಲ್ಲ, ಆದರೆ ಸಾಬಿಯ ಸಾಲುಗಳು ಆಗಾಗ ಈ ಐದು ಸ್ವರಗಳ ಮೇಲೆ ನಡೆಯುತ್ತವೆ. ಮೊದಲ ಸಲ ಕೇಳಿದಾಗಲೇ ಪರಿಚಯದವರನ್ನು ಕಂಡ ಹಾಗೆ ಅನಿಸುವುದಕ್ಕೆ ಇದೂ ಒಂದು ಕಾರಣ. 'ಸಕುರಾ ಸಕುರಾ' ಅನ್ನುವ ಬಹಳ ಹಳೆಯ ಜನಪದ ಹಾಡಿನ ಸ್ವರಗಳು ಬೇರೆ. ಅದನ್ನು ಸರಿಯಾದ ಷಡ್ಜ ಹಿಡಿದು ಕೇಳಿದರೆ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಶುದ್ಧ ರಿ, ಶುದ್ಧ ಮ, ಪ, ಶುದ್ಧ ದ ಸಿಗುತ್ತವೆ. ಹಿಂದುಸ್ತಾನಿಯ ಗುಣಕ್ರಿಯ ಸ್ವರಗಳು ಅವೇ. ಪಟ್ಟಿ ಕೇಳುವ ಮುಂಚೆ ಒಮ್ಮೆ ಅದನ್ನೂ ಕೇಳಿ.

ಮೊದಲ ಮನೆ: ಕಾಯುವುದು

ಇಲ್ಲಿ ಒಂದೇ ಹಾಡು ಇಡಿ. ಯಾಮಾ ಹಾಡಿದ 'ಹರು ಒ ತ್ಸುಗೆರು'. ಬರೆದವರು ಕುಜಿರಾ.

ಈಗ ಕನ್ನಡದ ಮಾತಿಗೆ ಬರುತ್ತೇನೆ. 'ಹರು' ವಸಂತ. 'ಒ' ಅಂದರೆ ನಮ್ಮ 'ಅನ್ನು'. 'ತ್ಸುಗೆರು' ಅಂದರೆ ಸಾರು, ತಿಳಿಸು. ವಸಂತ-ಅನ್ನು-ಸಾರು. ಪದಗಳನ್ನು ಹಿಂದೆ ಮುಂದೆ ಮಾಡಬೇಕಾಗಿಯೇ ಇಲ್ಲ! ಕನ್ನಡದ ಹಾಗೆ ಅಲ್ಲೂ ಕ್ರಿಯಾಪದ ಕೊನೆಗೆ, ವಿಭಕ್ತಿ ಪದ ಆದ ಮೇಲೆ. ಇಂಗ್ಲಿಷ್ ಮೂಲಕ ಅರ್ಥ ಮಾಡಿಕೊಳ್ಳಲು ಹೋದರೆ ಸಾಲು ತಲೆಕೆಳಗಾಗುತ್ತದೆ. ಕನ್ನಡದಲ್ಲಿ ಬರೆದುಕೊಂಡರೆ ಹಾಡಿನಲ್ಲಿ ಯಾವ ಪದ ಯಾವಾಗ ಬರುತ್ತದೋ ಅರ್ಥವೂ ಅದೇ ಕ್ಷಣಕ್ಕೆ ಬರುತ್ತದೆ. ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು?

ಈ ಹಾಡು ಬಂದದ್ದು 2020ರ ಏಪ್ರಿಲ್‌ನಲ್ಲಿ. ಕೊರೊನಾದಿಂದ ಜಪಾನಿನಲ್ಲಿ ತುರ್ತು ಪರಿಸ್ಥಿತಿ ಸಾರಿದ್ದ ತಿಂಗಳು ಅದು. ಹಾಡು ಶುರುವಾಗುವುದು ಟೋಕಿಯೊದ ಆರೂವರೆ ಚಾಪೆಯಷ್ಟು ಅಗಲದ ಒಂದು ಸಣ್ಣ ಕೋಣೆಯಲ್ಲಿ, ನಡುರಾತ್ರಿ. ಹೆಸರಿನಲ್ಲಿ ವಸಂತ ಇದೆ, ಆದರೆ ಹೊರಗೆ ಹೂವಿನ ಮರದ ಕೆಳಗೆ ಕೂತು ಉಂಡು ಕುಡಿಯುವ 'ಹನಮಿ'ಯ ಗದ್ದಲ ಇಲ್ಲ. ಕಾಯುವ ಹಾಡಿಗೆ ಇದಕ್ಕಿಂತ ಸರಿಯಾದದ್ದು ನನಗೆ ಸಿಕ್ಕಿಲ್ಲ. ರಾತ್ರಿ ದೀಪ ಆರಿಸಿ ಕೇಳಿ. 'ದ ಫಸ್ಟ್ ಟೇಕ್' ಅನ್ನುವ ಯೂಟ್ಯೂಬ್ ಚಾನೆಲ್‌ನಲ್ಲಿ ಗಾಯಕರು ಬಿಳಿ ಗೋಡೆಯ ಕೋಣೆಯಲ್ಲಿ ಮೈಕ್ ಮುಂದೆ ನಿಂತು ಒಂದೇ ಸಲಕ್ಕೆ ಹಾಡುತ್ತಾರೆ. ಯಾಮಾ ಅಲ್ಲೂ ಇದನ್ನು ಹಾಡಿದ್ದಾರೆ.

ಎರಡನೆಯ ಮನೆ: ಬೀಳ್ಕೊಡುಗೆ

ಜಪಾನಿನಲ್ಲಿ ಇದಕ್ಕೇ ಒಂದು ಪ್ರಕಾರ ಇದೆ, 'ಸೊತ್ಸುಗ್ಯೊ ಸಾಂಗ್'. ಸೊತ್ಸುಗ್ಯೊ ಅಂದರೆ ಶಾಲೆ ಮುಗಿಸಿ ಹೊರಬೀಳುವುದು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಂಚೆ ಆಟೋಗ್ರಾಫ್ ಪುಸ್ತಕ ಹಿಡಿದುಕೊಂಡು ಓಡಾಡುವ ಆ ದಿನಗಳು ಇವೆಯಲ್ಲ, ಅದೇ ಎದೆಭಾರ. ಅಲ್ಲಿ ಹುಡುಗ ತನ್ನ ಯೂನಿಫಾರ್ಮ್ ಕೋಟಿನ ಎರಡನೆಯ ಗುಂಡಿಯನ್ನು ಕಿತ್ತು ಇಷ್ಟವಾದ ಹುಡುಗಿಗೆ ಕೊಡುವ ರೂಢಿ ಇದೆ. ಎರಡನೆಯ ಗುಂಡಿಯೇ ಯಾಕೆ? ಎದೆಗೆ ಹತ್ತಿರ ಇರುವುದು ಅದೇ ಅನ್ನುತ್ತಾರೆ.

ಶಾಲೆಗಳಲ್ಲಿ ಇಡೀ ತರಗತಿ ಸೇರಿ ಹಾಡುವ 'ತಾಬಿದಾಚಿ ನೊ ಹಿ ನಿ' ಹುಟ್ಟಿದ್ದು 1991ರಲ್ಲಿ, ಸೈತಾಮಾದ ಚಿಚಿಬು ಊರಿನ ಒಂದು ಸರ್ಕಾರಿ ಶಾಲೆಯಲ್ಲಿ. ಮುಖ್ಯೋಪಾಧ್ಯಾಯರು ಸಾಹಿತ್ಯ ಬರೆದರು, ಸಂಗೀತದ ಟೀಚರ್ ರಾಗ ಹಾಕಿದರು. ಹೋಗುವ ಮಕ್ಕಳಿಗೆ ಉಡುಗೊರೆಯಾಗಿ ಮಾಡಿದ ಹಾಡು ದೇಶವಿಡೀ ಹರಡಿತು. ಪಟ್ಟಿಯಲ್ಲಿ ಇಡಬೇಕಿಲ್ಲ, ಆದರೆ ಒಮ್ಮೆ ಕೇಳಿದರೆ ಮುಂದಿನ ಹಾಡು ಚೆನ್ನಾಗಿ ದಕ್ಕುತ್ತದೆ.

ಮುಂದಿನ ಹಾಡು ರ‍್ಯಾಡ್‌ವಿಂಪ್ಸ್ ತಂಡದ 'ಸೇಕಾಯ್'. ಅರ್ಥ 'ಸರಿಯುತ್ತರ'. 2018ರಲ್ಲಿ ಎನ್‌ಎಚ್‌ಕೆ ಟಿವಿಯ ಒಂದು ಕಾರ್ಯಕ್ರಮಕ್ಕಾಗಿ ಮಾಡಿದ್ದು. ಅಲ್ಲಿ ಹದಿನೆಂಟರ ಆಸುಪಾಸಿನ ಸಾವಿರ ಮಂದಿ ತಂಡದ ಜೊತೆ ನಿಂತು ಇದನ್ನು ಹಾಡಿದರು. ಈಗ ಎಷ್ಟೋ ಶಾಲೆಗಳ ಬೀಳ್ಕೊಡುಗೆಯಲ್ಲಿ ಇದೇ ಹಾಡು. ಉತ್ತರ ಇರುವ ಪ್ರಶ್ನೆಗಳನ್ನು ಮಾತ್ರ ನಮಗೆ ಕಲಿಸಿದರು, ಆದರೆ ನಿನ್ನ ಜೊತೆ ಮತ್ತೆ ಹೇಗೆ ರಾಜಿಯಾಗಬೇಕು, ಇಷ್ಟವಾದವರ ಮನಸ್ಸನ್ನು ನಮ್ಮತ್ತ ಹೇಗೆ ತಿರುಗಿಸಬೇಕು ಅನ್ನುವುದಕ್ಕೆ ಎಲ್ಲೂ ಉತ್ತರ ಇರಲಿಲ್ಲ ಅನ್ನುವ ಧಾಟಿಯ ಹಾಡು. ಕೊನೆಯ ಮಾತನ್ನು ಮಾತ್ರ ತಪ್ಪಿಸಬೇಡಿ. ಪರೀಕ್ಷೆ ಕೋಣೆಯಲ್ಲಿ ಮೇಲ್ವಿಚಾರಕರು ಹೇಳುವ 'ರೆಡಿ, ಶುರು ಮಾಡಿ' ಅನ್ನುವ ಮಾತಿಗೆ ಹಾಡು ನಿಲ್ಲುತ್ತದೆ. ಮೊದಲ ಸಲ ಅದರ ಅರ್ಥ ತಿಳಿದಾಗ ನನಗೆ ಗಂಟಲು ಕಟ್ಟಿತ್ತು. ಈಗಲೂ ಕಟ್ಟುತ್ತದೆ.

ಜೊತೆಗೆ ಒಂದು ಹಳೆಯ ಹಾಡು, ರೆಮಿಯೊರೊಮೆನ್ ತಂಡದ 'ಸಂಗತ್ಸು ಕೊಕೊನೊಕಾ'. ಅಂದರೆ 'ಮಾರ್ಚ್ 9'. 2004ರದ್ದು. ಸ್ನೇಹಿತರ ಮದುವೆಗೆ ಅಂತ ಮಾಡಿದ ಹಾಡು, ಮಾರ್ಚ್ ತಿಂಗಳ ದೆಸೆಯಿಂದ ಬೀಳ್ಕೊಡುಗೆಯ ಹಾಡಾಗಿಬಿಟ್ಟಿತು. ಇದನ್ನು ಆ ತಾರೀಖಿಗೇ ಕೇಳಿ.

ಮೂರನೆಯ ಮನೆ: ಹೂವು

ಪಟ್ಟಿಯ ಹೃದಯ ಇದು. ಯೊರುಶಿಕಾದ 'ಹರು ದೊರೊಬೊ', 2021ರ ಜನವರಿಯದ್ದು. ಅರ್ಥ 'ವಸಂತದ ಕಳ್ಳ'.

ಯೊರುಶಿಕಾ ಅಂದರೆ ಇಬ್ಬರು. ಬರೆದು ರಾಗ ಹಾಕುವವರು ಎನ್-ಬುನಾ, ಹಾಡುವವರು ಸುಯಿಸ್. ಇಬ್ಬರೂ ಮುಖ ತೋರಿಸುವುದಿಲ್ಲ. ಈ ಹಾಡು ಹುಟ್ಟಿದ ಬಗೆಯನ್ನು ಎನ್-ಬುನಾ ಹೇಳಿದ್ದಾರೆ. ಟೋಕಿಯೊದ ಶೋವಾ ಕಿನೆನ್ ಉದ್ಯಾನದ ಬಯಲಿನಲ್ಲಿ ಒಂಟಿಯಾಗಿ ನಿಂತ ಒಂದು ಕೆಯಾಕಿ ಮರವನ್ನು ನೋಡುತ್ತಾ, ಇದು ಸಕುರಾ ಆಗಿದ್ದರೆ ಚೆನ್ನಾಗಿತ್ತು ಅಂದುಕೊಂಡರಂತೆ. ಸರಿ, ಸಕುರಾ ಅಂತಲೇ ಭಾವಿಸಿ ಬರೆಯೋಣ. ಆ ಸಕುರಾವನ್ನೂ ಇನ್ನೊಂದಾಗಿ ಕಾಣೋಣ, ಜೀವ ಅಂತ. ಹೂವು ಆಯಸ್ಸಾದರೆ ಗಾಳಿ ಕಾಲ. ಹೂವನ್ನು ಉದುರಿಸಿಕೊಂಡು ಹೋಗುವ ವಸಂತದ ಗಾಳಿಯೇ ಕಳ್ಳ.

ಇಷ್ಟು ತಿಳಿದುಕೊಂಡು ಕೇಳಿ. ಗಿಟಾರ್ ಹಗುರ, ತಾಳ ನಡಿಗೆಯದ್ದು, ಸುಮ್ನೆ ಸಂಜೆ ವಾಕಿಂಗ್ ಹೋಗುವವರ ಹಾಡು ಅನಿಸುತ್ತದೆ. ಕೊನೆಗೆ ಬರುತ್ತಾ ಮರದಲ್ಲಿ ಉಳಿದ ಹೂಗಳ ಲೆಕ್ಕ ಶುರುವಾಗುತ್ತದೆ. ಇನ್ನೆರಡು. ಇನ್ನೊಂದು. ಆಮೇಲೆ ಎಲೆ ಮಾತ್ರ. ಆ ಹೊತ್ತಿಗೆ 'ಹರಾರಿ' ಅನ್ನುವ ಪದ ಬರುತ್ತದೆ, ಗಮನಿಸಿ. ಒಂದು ಎಸಳು ತೇಲಿ ಕೆಳಗೆ ಬೀಳುವ ಬಗೆಗೆ ಜಪಾನೀಯರ ಪದ ಅದು. ಪಟಪಟ, ಥಳಥಳ, ಜುಳುಜುಳು ಅಂತ ನಾವು ಅನುಕರಣ ಪದಗಳಲ್ಲಿ ಮಾತಾಡುತ್ತೇವೆ ಅಲ್ವಾ, ಆ ಭಾಷೆಯಲ್ಲೂ ಅವು ರಾಶಿ ರಾಶಿ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಇಂಥ ಪದಗಳು ಕಳೆದುಹೋಗುತ್ತವೆ. ಕನ್ನಡದ ಕಿವಿ ಅವನ್ನು ಹಿಡಿಯುತ್ತದೆ.

ಇದರ ಪಕ್ಕದಲ್ಲಿ ಐಮ್ಯೊನ್ ಅವರ 'ಸಕುರಾ ಗ ಫುರು ಯೊರು ವ', 2021. 'ಫುರು' ಅಂದರೆ ಮಳೆಯೋ ಹಿಮವೋ ಸುರಿಯುವುದು. 'ಯೊರು' ರಾತ್ರಿ. ಸಕುರಾ ಸುರಿಯುವ ರಾತ್ರಿ. 'ಸುರಿಯುವ ರಾತ್ರಿ' ಅಂತ ಕ್ರಿಯೆಯನ್ನು ನಾಮಪದಕ್ಕಿಂತ ಮೊದಲು ನೇರ ಇಡುವುದು ಕನ್ನಡಕ್ಕೂ ಜಪಾನಿಗೂ ಒಂದೇ ಥರ. ಮಳೆಗೆ ಬಳಸುವ ಪದವನ್ನು ಹೂವಿಗೆ ಬಳಸಿದ್ದರಲ್ಲೇ ಅರ್ಧ ಕವಿತೆ ಇದೆ. ಏಪ್ರಿಲ್ ರಾತ್ರಿಯ ಸಣ್ಣ ಚಳಿಯ, ಎದುರಿಗಿರುವವರಿಗೆ ಹೇಳಲಾಗದ ಮಾತಿನ ಹಾಡು. ಯೊರುಶಿಕಾ ಹಗಲಿಗೆ, ಇದು ರಾತ್ರಿಗೆ.

ಬೆಂಗಳೂರಿನವರು ಈ ಎರಡನ್ನೂ ಟಬೂಬಿಯಾ ಗುಲಾಬಿ ಬಣ್ಣಕ್ಕೆ ತಿರುಗಿದ ದಿನಗಳಲ್ಲಿ ಕೇಳಬಹುದು. ಸಕುರಾ ಅಲ್ಲ ಅದು, ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಡೆಯಿಂದ ಬಂದ ಮರ. ಆದರೆ ಎಲೆ ಉದುರಿಸಿ ಬರೀ ಹೂವಾಗಿ ನಿಲ್ಲುವುದು, ಫುಟ್‌ಪಾತ್ ಮೇಲೆ ಹಾಸಿಗೆ ಹಾಸುವುದು ಎರಡೂ ಅದಕ್ಕೆ ಗೊತ್ತು.

ನಾಲ್ಕನೆಯ ಮನೆ: ಏಪ್ರಿಲ್

ಐಮ್ಯೊನ್ ಮತ್ತೆ ಬರುತ್ತಾರೆ. 'ಹರು ನೊ ಹಿ', 2019ರ ಏಪ್ರಿಲ್. ಹರು ವಸಂತ, 'ನೊ' ನಮ್ಮ ಷಷ್ಠಿ, 'ಹಿ' ದಿನ. ವಸಂತದ ದಿನ. ಇದು ಶಿನ್‌ಚಾನ್ ಸಿನಿಮಾಗೆ ಮಾಡಿದ ಹಾಡು. ಹೌದು, ನಮ್ಮ ಮನೆಯ ಮಕ್ಕಳೆಲ್ಲ ಟಿವಿ ಮುಂದೆ ಕೂತು ನೋಡಿದ ಅದೇ ಶಿನ್‌ಚಾನ್. ಆ ಸಿನಿಮಾದ ಕತೆ ಅಪ್ಪ ಅಮ್ಮನ ತಡವಾದ ಹನಿಮೂನಿನದು. ಹಿಂದಿ ಡಬ್ಬಿಂಗ್‌ನಲ್ಲಿ ನಾವು ಹ್ಯಾರಿ, ಮಿಟ್ಸಿ ಅಂತ ಕೇಳಿದ ಹಿರೋಶಿ ಮತ್ತು ಮಿಸಾಯೆ ಅವರೇ. ಹಾಡು ಶುರುವಾಗುವುದು ಟೋಕಿಯೊದ ಕಿತಾ-ಸೆಂಜು ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮೇಲೆ. ಶಿನ್‌ಚಾನ್ ಮನೆ ಇರುವ ಕಸುಕಾಬೆಗೆ ರೈಲು ಹೋಗುವುದು ಆ ಸ್ಟೇಷನ್ ದಾರಿಯಿಂದಲೇ. ಸದಾ ಸಾಲ, ಆಫೀಸು, ಸೊಂಟನೋವು ಅಂತ ಗೊಣಗುವ ಆ ಅಪ್ಪನೂ ಒಂದು ಕಾಲಕ್ಕೆ ಸ್ಟೇಷನ್ ಬೆಂಚಿನ ಮೇಲೆ ಕೂತು ಯಾರದೋ ಕೈ ಹಿಡಿದಿದ್ದ ಅಂತ ನೆನೆದು ಕೇಳಿ. ಹಾಡು ಪೂರ್ತಿ ಬೇರೆಯೇ ಆಗುತ್ತದೆ.

ಇದಾದ ಮೇಲೆ ಕೆನ್‌ಶಿ ಯೊನೆಜು ಅವರ 'ಸಯೊನಾರಾ, ಮತಾ ಇತ್ಸುಕಾ', 2024ರ ಏಪ್ರಿಲ್. ಅರ್ಥ 'ಹೋಗಿ ಬರುತ್ತೇನೆ, ಮತ್ತೆ ಯಾವಾಗಲಾದರೂ'. ಎನ್‌ಎಚ್‌ಕೆಯಲ್ಲಿ ಆ ವರ್ಷ ವಾರದ ದಿನಗಳಲ್ಲಿ ಬೆಳಿಗ್ಗೆ ಹದಿನೈದು ನಿಮಿಷ ಬರುತ್ತಿದ್ದ ಒಂದು ಧಾರಾವಾಹಿಗೆ ಮಾಡಿದ್ದು. ಆ ಧಾರಾವಾಹಿಯ ನಾಯಕಿಗೆ ಮಾದರಿ ಯೊಶಿಕೊ ಮಿಬುಚಿ. ಜಪಾನಿನ ಮೊದಲ ಮಹಿಳಾ ವಕೀಲರಲ್ಲಿ ಒಬ್ಬರು, ಮುಂದೆ ನ್ಯಾಯಾಧೀಶರಾದವರು. ವಸಂತ ಎಲ್ಲಿಂದ ತಿರುಗಿ ಬರುತ್ತದೋ ತಿಳಿಯದೆಯೇ ದೊಡ್ಡವರಾದೆವು ಅನ್ನುವ ಧಾಟಿಯಲ್ಲಿ ಹಾಡು ತೆರೆದುಕೊಳ್ಳುತ್ತದೆ. ಆದರೆ ಮೆತ್ತಗಿನ ಹಾಡಲ್ಲ. ಒಳಗೆ ಸಿಟ್ಟಿದೆ, ಹಟ ಇದೆ. ಹೊಸ ಕೆಲಸಕ್ಕೆ ಸೇರಿದ ಮೊದಲ ವಾರ ಬಸ್ಸಿನಲ್ಲಿ ಕೇಳಲು ಇದಕ್ಕಿಂತ ಒಳ್ಳೆಯ ಹಾಡಿಲ್ಲ.

ಕೊನೆಯ ಮನೆ: ಬಿಸಿಲು

ಇಲ್ಲಿ ಮೂರು ಹಾಡು, ಬೇಗ ಹೇಳಿ ಮುಗಿಸುತ್ತೇನೆ.

ಯೊರುಶಿಕಾದ 'ಹರು', 2024ರ ಜನವರಿ. ಕೇಳಲು ವಸಂತ ಅನ್ನುವ ಪದದ ಹಾಗೇ ಇದೆ, ಆದರೆ ಬರೆದಿರುವುದು ಮೋಡ ಸರಿದು ಆಕಾಶ ತಿಳಿಯಾಗುವುದಕ್ಕೆ ಬಳಸುವ ಅಕ್ಷರದಲ್ಲಿ. ಒಂದೇ ಉಚ್ಚಾರದಲ್ಲಿ ಎರಡೂ ಅರ್ಥ ಕೇಳಿಸುವ ಶ್ಲೇಷೆ. 'ಫ್ರೀರೆನ್' ಆನಿಮೆ ನೋಡಿದವರಿಗೆ ಇದು ಆಗಲೇ ಪರಿಚಯ.

ಮಿಸೆಸ್ ಗ್ರೀನ್ ಆ್ಯಪಲ್ ತಂಡದ 'ಲೈಲಾಕ್', 2024ರ ಏಪ್ರಿಲ್. ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿ ಇದಕ್ಕೇ ಬಂತು. ಶುರುವಿನ ಗಿಟಾರ್ ಎಷ್ಟು ವೇಗ ಅಂದರೆ ನುಡಿಸಲು ಕಲಿಯುವವರು ಅದನ್ನೊಂದು ಸವಾಲು ಅಂತಲೇ ತೆಗೆದುಕೊಂಡಿದ್ದಾರೆ. ಲೈಲಾಕ್ ಅಂದರೆ ಉತ್ತರದ ಸಪ್ಪೊರೊ ನಗರ ತನ್ನ ಗುರುತಾಗಿ ಇಟ್ಟುಕೊಂಡ ಹೂವಿನ ಮರ, ಅರಳುವುದು ಮೇ ಹೊತ್ತಿಗೆ. ಸಕುರಾ ಮುಗಿದ ಮೇಲಿನ ಹೂವು. ಜಪಾನಿಯಲ್ಲಿ ಹರೆಯಕ್ಕೆ 'ಸೇಶುನ್' ಅನ್ನುತ್ತಾರೆ, ಅಕ್ಷರಕ್ಕೆ ಅಕ್ಷರ ನೋಡಿದರೆ 'ನೀಲಿ ವಸಂತ'. ಈ ಹಾಡು ಅದೇ.

ಕೊನೆಗೆ ಫುಜೀ ಕಜೆ ಅವರ 'ಕಿರಾರಿ', 2021ರ ಮೇ. 'ಕಿರಾರಿ' ಅಂದರೆ ಫಳಕ್ ಅಂತ ಒಮ್ಮೆ ಮಿನುಗುವುದು. 'ಹರಾರಿ'ಗೆ ಅಕ್ಕನೋ ತಂಗಿಯೋ. ಏಪ್ರಿಲ್ ಕೊನೆಗೆ ಶುರುವಾಗುವ ಗೋಲ್ಡನ್ ವೀಕ್ ರಜೆಯಲ್ಲಿ ಕಾರಿನ ಕಿಟಕಿ ಇಳಿಸಿಕೊಂಡು ಹೋಗುವ ಹಾಡು. ಈ ಗಾಯಕರು ನಮಗೆ ಇನ್ನೊಂದು ರೀತಿಯಲ್ಲೂ ಹತ್ತಿರ. ಇವರ ಮೊದಲೆರಡು ಆಲ್ಬಮ್‌ಗಳ ಹೆಸರು 'ಹೆಲ್ಪ್ ಎವರ್ ಹರ್ಟ್ ನೆವರ್' ಮತ್ತು 'ಲವ್ ಆಲ್ ಸರ್ವ್ ಆಲ್'. ವೈಟ್‌ಫೀಲ್ಡ್ ಕಡೆ ಓಡಾಡಿದವರಿಗೆ ಹೇಳಬೇಕಿಲ್ಲ, ಎರಡೂ ಸತ್ಯಸಾಯಿ ಬಾಬಾ ಅವರ ಮಾತುಗಳು. 2022ರ 'ಗ್ರೇಸ್' ಹಾಡಿನ ವಿಡಿಯೊ ಚಿತ್ರೀಕರಿಸಿದ್ದು ಉತ್ತರಾಖಂಡದಲ್ಲಿ. 2025ರ ಆಲ್ಬಮ್‌ನ ಹೆಸರು 'ಪ್ರೇಮಾ'. ಇನ್ನೊಂದು ಮಾತು, 'ಕಜೆ' ಅಂದರೆ ಗಾಳಿ. ಮೂರನೆಯ ಮನೆಯಲ್ಲಿ ಹೂ ಕದ್ದ ಗಾಳಿಯೇ ಕೊನೆಯ ಮನೆಯಲ್ಲಿ ಬಂದು ಹಾಡುತ್ತದೆ. ಈ ಜೋಡಣೆ ನಾನು ಬೇಕಂತ ಮಾಡಿದ್ದಲ್ಲ, ಪಟ್ಟಿ ಮುಗಿದ ಮೇಲೆ ಕಣ್ಣಿಗೆ ಬಿತ್ತು.

ಕೇಳುವ ಕ್ರಮ

ಹತ್ತು ಹಾಡಿಗೆ ಸುಮಾರು ಮುಕ್ಕಾಲು ಗಂಟೆ. ಒಮ್ಮೆ ಎಲ್ಲವನ್ನೂ ಸಾಲಾಗಿ ಕೇಳಿ, ಷಫಲ್ ಬೇಡ. ಆಮೇಲೆ ಪಟ್ಟಿಯನ್ನು ಐದಾಗಿ ಒಡೆದು, ಆಯಾ ವಾರಕ್ಕೆ ಆಯಾ ಮನೆಯ ಹಾಡುಗಳನ್ನು ಮಾತ್ರ ಕೇಳಿ. ಫೋನಿನ ಕ್ಯಾಲೆಂಡರ್‌ನಲ್ಲಿ ಫೆಬ್ರವರಿ 25, ಮಾರ್ಚ್ 9, ಮಾರ್ಚ್ 24, ಏಪ್ರಿಲ್ 1, ಏಪ್ರಿಲ್ 29 ಅಂತ ಐದು ನೆನಪೋಲೆ ಹಾಕಿಕೊಂಡರೆ ಸಾಕು.

ಪ್ರತಿ ಹಾಡನ್ನು ಕನಿಷ್ಠ ಮೂರು ಸಲ ಕೇಳಿ. ಮೊದಲ ಸಲ ಏನೂ ಓದದೆ. ಎರಡನೆಯ ಸಲ ಅರ್ಥ ಓದಿಕೊಂಡು. ಮೂರನೆಯ ಸಲ ಸಾಬಿಯ ನಾಲ್ಕು ಸಾಲನ್ನು ಕನ್ನಡ ಲಿಪಿಯಲ್ಲಿ ಕೈಯಾರೆ ಬರೆದುಕೊಂಡು, ಜೊತೆಗೆ ಹಾಡುತ್ತಾ. ಜಪಾನಿಯ ಪದಗಳು ಹೆಚ್ಚಾಗಿ ನಮ್ಮವುಗಳ ಹಾಗೇ ಸ್ವರದಲ್ಲಿ ಮುಗಿಯುತ್ತವೆ, ಒಂದೊಂದು ಅಕ್ಷರಕ್ಕೂ ಒಂದೊಂದು ಮಾತ್ರೆ ಸಿಗುತ್ತದೆ. ಹನಬಿರಾ, ಹರುಕಜೆ, ಸಕುರಾ ಅಂತ ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅಕ್ಷರದ ಗೊಂದಲ ಇಲ್ಲದೆ ನಾಲಿಗೆ ಹೊರಳುತ್ತದೆ.

ಮೇ ಮೊದಲ ವಾರ ಕಳೆದ ಮೇಲೆ ಪಟ್ಟಿಯನ್ನು ಮುಟ್ಟಬೇಡಿ. ಜೂನ್‌ನಲ್ಲಿ ಅಲ್ಲೂ ಮಳೆ, ಇಲ್ಲೂ ಮಳೆ, ಅದಕ್ಕೆ ಬೇರೆ ಹಾಡುಗಳಿವೆ. ಮುಂದಿನ ಫೆಬ್ರವರಿಗೆ ಆ ವರ್ಷದ ಒಂದು ಹೊಸ ಹಾಡನ್ನು ಅದರ ತಾರೀಖಿನ ಮನೆಯಲ್ಲಿ ಸೇರಿಸಿ, ಮತ್ತೆ ಯಾಮಾ ಹಾಡಿನಿಂದ ಶುರು ಮಾಡಿ. ರಾತ್ರಿ, ದೀಪ ಆರಿಸಿ.